ಎರಡು ಗರ್ಭ ಕಳೆದುಕೊಂಡ ಮೇಲೆ ಮೂರನೆಯ ಬಸಿರು: ನನ್ನ ಭಯವೇ ಮಗುವಿಗೆ ಕೇಡಾಗುತ್ತದೆಯೇ?

ಪ್ರಶ್ನೆ: ನನಗೆ 31 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಎರಡು ವರ್ಷದ ಹಿಂದೆ ಮೊದಲ ಗರ್ಭ 9ನೇ ವಾರದಲ್ಲಿ ರಕ್ತಸ್ರಾವವಾಗಿ ಹೋಯಿತು. ಎರಡನೆಯ ಸಲ ಸ್ರಾವ, ನೋವು ಏನೂ ಇರಲಿಲ್ಲ. 11ನೇ ವಾರದ ಸ್ಕ್ಯಾನಿನಲ್ಲಿ ಬಡಿತ ನಿಂತಿದೆ ಎಂದರು, ಕ್ಲೀನ್ ಮಾಡಿಸಬೇಕಾಯಿತು. ಆಮೇಲೆ ನಿದ್ದೆಯೇ ಬಾರದೆ ಮನೋವೈದ್ಯರ ಬಳಿ ಹೋದೆ; ಅವರು ಕೊಟ್ಟ ಎಸಿಟಲೋಪ್ರಾಮ್ ಮಾತ್ರೆಯಿಂದ ಗುಣ ಕಂಡಿತ್ತು. ಈಗ ಮತ್ತೆ ಗರ್ಭಿಣಿ, 10 ವಾರ. ಎರಡು ಗೆರೆ ಕಂಡ ದಿನವೇ ಹೆದರಿ ಮಾತ್ರೆ ನಿಲ್ಲಿಸಿದೆ. 7ನೇ ವಾರದ ಸ್ಕ್ಯಾನಿನಲ್ಲಿ ಬಡಿತ ಚೆನ್ನಾಗಿತ್ತು. ಆದರೂ ದಿನಕ್ಕೆ ಹತ್ತು ಹದಿನೈದು ಸಲ ಬಚ್ಚಲಿಗೆ ಹೋಗಿ ಬಟ್ಟೆಯಲ್ಲಿ ರಕ್ತವಿದೆಯೇ ಎಂದು ನೋಡುತ್ತೇನೆ. ಆನ್‌ಲೈನಿನಲ್ಲಿ ಬಡಿತ ಕೇಳುವ ಡಾಪ್ಲರ್ ತರಿಸಿಕೊಂಡೆ; ಒಂದು ದಿನ ಕೇಳಿಸಿತು, ಮರುದಿನ ಕೇಳಿಸಲಿಲ್ಲ. ಕಳೆದ ವಾರ ವಾಂತಿ ಕಡಿಮೆಯಾದಾಗ ರಾತ್ರಿಯಿಡೀ ಅಳುತ್ತ ಕುಳಿತಿದ್ದೆ. ಅಮ್ಮ ಹಾಸಿಗೆ ಬಿಟ್ಟು ಏಳಬೇಡ ಎನ್ನುತ್ತಾರೆ. ಅತ್ತೆಯವರು ಐದು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ತಾಯಿ ಕಾರ್ಡೂ ಬೇಡ ಎನ್ನುತ್ತಾರೆ. ಹೊಲಿಗೆ ಹಾಕಿಸಿಕೋ, ಗರ್ಭ ನಿಲ್ಲುವ ಇಂಜೆಕ್ಷನ್ ತೆಗೆದುಕೋ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಎಲ್ಲರೂ ಸೇರಿ ಹೇಳುವ ಮಾತು ಒಂದೇ: ನೀನು ಹೀಗೆ ಹೆದರಿದರೆ ಅದು ಮಗುವಿಗೆ ತಟ್ಟುತ್ತದೆ. ಮಾತ್ರೆ ಮತ್ತೆ ಶುರು ಮಾಡಬಹುದೇ? ನನ್ನ ಭಯದಿಂದಲೇ ಈ ಮಗುವೂ ಹೋಗಿಬಿಡಬಹುದೇ?

ಉತ್ತರ: ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಗದೆ ಉಳಿದ ಯಾವ ಮಾತೂ ನಿಮ್ಮ ಕಿವಿಗೆ ಬೀಳುವುದಿಲ್ಲ ಎಂದು ಅನುಭವದಿಂದ ಬಲ್ಲೆ. ಇಲ್ಲ, ನಿಮ್ಮ ಭಯದಿಂದ ಈ ಮಗು ಹೋಗುವುದಿಲ್ಲ. ಹಿಂದಿನ ಎರಡೂ ನಿಮ್ಮ ಯೋಚನೆಯಿಂದಾಗಲಿ, ಅತ್ತದ್ದರಿಂದಾಗಲಿ, ಶಾಲೆಯ ಮೆಟ್ಟಿಲು ಹತ್ತಿದ್ದರಿಂದಾಗಲಿ ಹೋಗಿದ್ದಲ್ಲ. ಎರಡು ದಶಕಗಳಿಂದ ಪ್ರಸೂತಿ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ನನ್ನ ಎದುರು ಕುಳಿತು ಗರ್ಭ ಕಳೆದುಕೊಂಡ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ “ಯಾಕೆ ಹೋಯಿತು” ಎಂದಿರುವುದಿಲ್ಲ; “ನಾನು ಏನು ಮಾಡಿಬಿಟ್ಟೆ” ಎಂದಿರುತ್ತದೆ. ಮುಂದಿನ ಸಲ ಗರ್ಭ ಧರಿಸಿದಾಗ ಅದೇ ಪ್ರಶ್ನೆ “ನಾನು ಏನು ಮಾಡಿಬಿಡುತ್ತೇನೋ” ಎಂಬ ಭಯವಾಗುತ್ತದೆ. ಹಾಗಾಗಿ ನೀವು ಈಗ ಎರಡು ಹೊರೆ ಹೊತ್ತಿದ್ದೀರಿ: ಮಗು ಉಳಿಯುತ್ತದೋ ಇಲ್ಲವೋ ಎಂಬ ಭಯ ಒಂದು, ಆ ಭಯವೇ ಮಗುವನ್ನು ಕೊಲ್ಲುತ್ತದೇನೋ ಎಂಬ ಭಯ ಇನ್ನೊಂದು. ಮೊದಲನೆಯದನ್ನು ನಾನು ಪೂರ್ತಿ ಇಳಿಸಿಕೊಳ್ಳಲಾರೆ. ಎರಡನೆಯದನ್ನು ಮಾತ್ರ ನೀವು ಇವತ್ತೇ ಕೆಳಗಿಡಬಹುದು.

ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್‌ಗಳ ಸಂಖ್ಯೆಯಲ್ಲಾದ ಏರುಪೇರು. ಅಂಡಾಣು, ವೀರ್ಯಾಣು ರೂಪುಗೊಳ್ಳುವಾಗ ಅಥವಾ ಅವು ಕೂಡಿದ ಮೊದಲ ಕೆಲವು ದಿನಗಳಲ್ಲಿ ಒಂದು ಕ್ರೋಮೋಸೋಮ್ ಹೆಚ್ಚಾಗಿಯೋ ಕಡಿಮೆಯಾಗಿಯೋ ಬಿಡುತ್ತದೆ, ಅಂಥ ಭ್ರೂಣ ಕೆಲವು ವಾರ ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಇದು ನಡೆದಿರುವುದು ನಿಮಗೆ ಮುಟ್ಟು ತಪ್ಪುವ ಮೊದಲೇ, ನೀವು ಬಸುರಿ ಎಂದು ನಿಮಗೆ ತಿಳಿಯುವ ಮೊದಲೇ. ಸ್ರಾವ ಕಂಡ ದಿನ ನೀವು ಮಾಡಿದ ಕೆಲಸಕ್ಕೂ ಸ್ರಾವಕ್ಕೂ ನಂಟು ಕಟ್ಟುವುದು ಮನಸ್ಸಿನ ಸಹಜ ಅಭ್ಯಾಸ, ಆದರೆ ದೇಹದೊಳಗೆ ನಿರ್ಧಾರವಾಗಿದ್ದು ಅದಕ್ಕೂ ವಾರಗಳ ಹಿಂದೆ.

ಭಯದ ಬಗ್ಗೆ ವಿಜ್ಞಾನಕ್ಕೆ ಗೊತ್ತಿರುವುದನ್ನು ಮುಚ್ಚಿಡದೆ ಹೇಳುತ್ತೇನೆ. ಯುದ್ಧ, ಹತ್ತಿರದವರ ಸಾವು, ಮನೆಯಲ್ಲಿ ಹಿಂಸೆ ಇಂಥ ತೀವ್ರ ಆಘಾತಗಳಿಗೂ ಗರ್ಭಪಾತಕ್ಕೂ ಸ್ವಲ್ಪ ಮಟ್ಟಿನ ನಂಟನ್ನು ತೋರಿಸುವ ಅಧ್ಯಯನಗಳಿವೆ. ಆದರೆ ಗರ್ಭದ ಬಗೆಗಿನ ದಿನನಿತ್ಯದ ಆತಂಕ, ಅಳು, ನಿದ್ದೆಗೇಡು ಗರ್ಭಪಾತಕ್ಕೆ ಕಾರಣವಾಗುತ್ತದೆ ಎಂಬುದು ಸಾಬೀತಾಗಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದ ತೀವ್ರ ಆತಂಕ ಮತ್ತು ಖಿನ್ನತೆಗೆ ಅವಧಿಗೆ ಮುಂಚಿನ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು, ಬಾಣಂತನದಲ್ಲಿ ಖಿನ್ನತೆ ಕಾಡುವುದು, ಇವುಗಳೊಂದಿಗೆ ಸಣ್ಣ ಪ್ರಮಾಣದ ಸಂಬಂಧ ಕಂಡುಬಂದಿದೆ. ಆದ್ದರಿಂದಲೇ ನಾನು ನಿಮಗೆ “ಹೆದರಬೇಡಿ” ಎನ್ನುವುದಿಲ್ಲ, “ಚಿಕಿತ್ಸೆ ತೆಗೆದುಕೊಳ್ಳಿ” ಎನ್ನುತ್ತೇನೆ. ಥೈರಾಯ್ಡ್ ಏರಿದರೆ ಯಾರೂ ಗರ್ಭಿಣಿಯನ್ನು ಗದರುವುದಿಲ್ಲ, ಮಾತ್ರೆ ಕೊಡುತ್ತಾರೆ. ಆತಂಕಕ್ಕೂ ಅದೇ ನ್ಯಾಯ ಸಲ್ಲಬೇಕು.

ಇನ್ನು ಅಂಕಿಗಳು. ಗುರುತಿಗೆ ಬಂದ ಗರ್ಭಗಳಲ್ಲಿ ನೂರಕ್ಕೆ ಸುಮಾರು 15 ಗರ್ಭಪಾತವಾಗುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಎಂದು 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಅಂದಾಜು ಪ್ರಕಟಿಸಿತ್ತು. ಎರಡು ಸಲ ಕಳೆದುಕೊಂಡವರಲ್ಲಿ ಈ ಸಾಧ್ಯತೆ ಹೆಚ್ಚು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ನಿಮ್ಮ ವಯಸ್ಸಿನಲ್ಲಿ, ಎರಡು ಗರ್ಭಪಾತಗಳ ಬಳಿಕ, ಮೂರನೆಯ ಗರ್ಭ ಉಳಿಯುವವರು ನೂರರಲ್ಲಿ ಸುಮಾರು 70 ಮಂದಿ. ಬಡಿತ ಕಂಡ ಮೇಲೆ, ವಾರಗಳು ದಾಟಿದಂತೆ, ಈ ಲೆಕ್ಕ ಇನ್ನೂ ನಿಮ್ಮ ಕಡೆಗೆ ವಾಲುತ್ತದೆ. ಒಂದು ಮಾತು ಇಲ್ಲಿ ಸೇರಿಸಬೇಕು. ಈ ಅಂಕಿ ಕೇಳಿ ನಿಮಗೆ ಸಮಾಧಾನವಾಗದಿದ್ದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಎಂದುಕೊಳ್ಳಬೇಡಿ. ನೂರರಲ್ಲಿ 15ರ ಪಾಲಿಗೆ ಎರಡು ಸಲ ಸೇರಿದವರಿಗೆ 70ರ ಮಾತು ದೂರದ ಊರಿನ ಸುದ್ದಿಯಂತೆಯೇ ಕೇಳಿಸುತ್ತದೆ.

ನಿಮ್ಮ ಭಯದ ಬೇರು ಎರಡನೆಯ ಗರ್ಭದಲ್ಲಿದೆ ಎಂದು ನನಗೆ ಕಾಣುತ್ತದೆ. ಮೊದಲ ಸಲ ದೇಹ ಮುನ್ಸೂಚನೆ ಕೊಟ್ಟಿತ್ತು. ಎರಡನೆಯ ಸಲ ಯಾವ ಸೂಚನೆಯೂ ಇಲ್ಲದೆ, ವಾಂತಿಯೂ ಸುಸ್ತೂ ಇರುವಾಗಲೇ, ಒಳಗೆ ಬಡಿತ ನಿಂತಿತ್ತು. ಆ ದಿನದಿಂದ ನಿಮ್ಮ ದೇಹದ ಮೇಲೆ ನಿಮಗಿದ್ದ ನಂಬಿಕೆ ಹೋಯಿತು. ಇಂಥ ಹೆಣ್ಣುಮಕ್ಕಳನ್ನು ಸ್ಕ್ಯಾನ್ ಕೋಣೆಯಲ್ಲಿ ಗುರುತಿಸುವುದು ಕಷ್ಟವಲ್ಲ: ಅವರು ಪರದೆಯನ್ನು ನೋಡುವುದೇ ಇಲ್ಲ, ಸ್ಕ್ಯಾನ್ ಮಾಡುವವರ ಮುಖವನ್ನೇ ನೋಡುತ್ತಿರುತ್ತಾರೆ. ಹಿಂದಿನ ಸಲ ಆ ಮುಖದಲ್ಲಿ ಮಾತು ನಿಂತ ಆ ಒಂದು ಕ್ಷಣ ಅವರ ನೆನಪಿನಲ್ಲಿ ಕೂತುಬಿಟ್ಟಿರುತ್ತದೆ. ಲಂಡನ್ ಮತ್ತು ಬೆಲ್ಜಿಯಂನ ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರಂಭದ ವಾರಗಳಲ್ಲಿ ಗರ್ಭ ಕಳೆದುಕೊಂಡವರಲ್ಲಿ ತಿಂಗಳ ಬಳಿಕ ಶೇ 29ರಷ್ಟು, ಒಂಬತ್ತು ತಿಂಗಳ ಬಳಿಕವೂ ಶೇ 18ರಷ್ಟು ಮಂದಿಯಲ್ಲಿ ಅಪಘಾತ, ಯುದ್ಧಗಳಿಂದ ಬದುಕುಳಿದವರಲ್ಲಿ ಕಾಣುವಂಥ ಆಘಾತದ ಲಕ್ಷಣಗಳಿದ್ದವು. ನಮ್ಮಲ್ಲಿ “ಇನ್ನೂ ವಯಸ್ಸಿದೆ, ಮತ್ತೆ ಆಗುತ್ತೆ ಬಿಡು” ಎಂಬ ಮಾತಿನಲ್ಲಿ ಮುಗಿಸಿಬಿಡುವ ದುಃಖ ಇದು. ಹೆಸರಿಡದ, ತೊಟ್ಟಿಲಿಗೆ ಹಾಕದ, ತಿಥಿಯಿಲ್ಲದ ಮಗುವಿಗಾಗಿ ಅಳಲು ನಮ್ಮ ಮನೆಗಳಲ್ಲಿ ಜಾಗವೇ ಇಲ್ಲ. ಅಳದೆ ಉಳಿದದ್ದು ಮುಂದಿನ ಬಸಿರಿನಲ್ಲಿ ಭಯದ ರೂಪ ತಾಳಿ ಬರುತ್ತದೆ.

ಬಚ್ಚಲಿಗೆ ಹೋಗಿ ಬಟ್ಟೆ ನೋಡುವುದರ ಬಗ್ಗೆ ನೀವು ನಾಚಿಕೆಯಿಂದ ಬರೆದಂತಿದೆ, ನಾಚಬೇಕಾಗಿಲ್ಲ. ನೋಡುತ್ತೀರಿ, ರಕ್ತವಿಲ್ಲ, ಎದೆ ಹಗುರಾಗುತ್ತದೆ. ಅರ್ಧ ಗಂಟೆಯಲ್ಲಿ ಅನುಮಾನ ಮತ್ತೆ ಏಳುತ್ತದೆ. ಹಗುರಾದ ಆ ಗಳಿಗೆಯೇ ಮನಸ್ಸಿಗೆ ರುಚಿ ಹತ್ತಿಸಿ, ಮುಂದಿನ ಸಲ ಇನ್ನಷ್ಟು ಬೇಗ ಎಬ್ಬಿಸಿ ಕಳುಹಿಸುತ್ತದೆ. ಒಮ್ಮೆಲೇ ನಿಲ್ಲಿಸಲು ಹೋಗಬೇಡಿ, ಆಗುವುದಿಲ್ಲ. ಮೂತ್ರಕ್ಕೆ ಹೋದಾಗ ಹೇಗೂ ಕಣ್ಣು ಬೀಳುತ್ತದೆ, ಅಷ್ಟು ಸಾಕು. ನೋಡಲೆಂದೇ ಎದ್ದು ಹೋಗಬೇಕೆನಿಸಿದಾಗ ಹತ್ತು ನಿಮಿಷ ತಡೆಯಿರಿ, ಕೆಲವು ದಿನಗಳ ಬಳಿಕ ಇಪ್ಪತ್ತು. ಆ ಅವಧಿಯಲ್ಲಿ ಭಯ ಏರಿ ತಾನಾಗಿಯೇ ಇಳಿಯುವುದನ್ನು ನೀವೇ ಕಾಣುತ್ತೀರಿ. ಇದು ಅರಿವಿನ ವರ್ತನಾ ಚಿಕಿತ್ಸೆ ಎಂಬ ಮಾತಿನ ಚಿಕಿತ್ಸೆಯ ಒಂದು ಮುಖ್ಯ ಪಾಠ; ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ, ಮಾಡುವಾಗ ನಿಜಕ್ಕೂ ಕಷ್ಟ.

ಡಾಪ್ಲರನ್ನು ಮಾತ್ರ ದಯವಿಟ್ಟು ಮನೆಯಿಂದ ಹೊರಗೆ ಕಳಿಸಿ. 10ನೇ ವಾರದಲ್ಲಿ ಗರ್ಭಕೋಶ ಇನ್ನೂ ಸೊಂಟದ ಎಲುಬಿನ ಹಿಂದೆಯೇ ಇರುತ್ತದೆ, ಮಗು ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದು, ಕೈಯಲ್ಲಿ ಹಿಡಿಯುವ ಸಾಧನದಲ್ಲಿ ಬಡಿತ ಸಿಗದಿರುವುದೇ ಸಾಮಾನ್ಯ. ಸಿಕ್ಕಿತೆಂದು ನೀವು ಕೇಳಿಸಿಕೊಂಡದ್ದು ನಿಮ್ಮದೇ ರಕ್ತನಾಳದ ಸದ್ದಾಗಿರಬಹುದು. ಈ ಹಂತದಲ್ಲಿ ಮಗುವಿನ ಬಡಿತ ನಿಮಿಷಕ್ಕೆ 160–170ರ ಸುತ್ತ ಇದ್ದರೆ, ಹೆದರಿದ ತಾಯಿಯ ನಾಡಿಯೂ 110–120ಕ್ಕೆ ಏರಿ ಮೋಸ ಮಾಡುತ್ತದೆ. ಈಗ ಅದು ಕಾರಣವಿಲ್ಲದೆ ಹೆದರಿಸುತ್ತದೆ. ಏಳು ಎಂಟು ತಿಂಗಳಲ್ಲಿ ಅದಕ್ಕಿಂತ ಅಪಾಯಕಾರಿ ಕೆಲಸ ಮಾಡುತ್ತದೆ: ಮಗುವಿನ ಚಲನೆ ಕಡಿಮೆಯಾಗಿ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಹೊತ್ತಿನಲ್ಲಿ “ಬಡಿತ ಕೇಳಿಸುತ್ತಿದೆಯಲ್ಲ” ಎಂದು ಮನೆಯಲ್ಲೇ ಕೂರಿಸುತ್ತದೆ.

ವಾಂತಿ ಕಡಿಮೆಯಾದದ್ದಕ್ಕೂ ಹೀಗೆಯೇ ಸರಳ ವಿವರಣೆಯಿದೆ. ವಾಕರಿಕೆಯ ಜೊತೆ ನಂಟಿರುವ ಎಚ್‌ಸಿಜಿ ಹಾರ್ಮೋನ್ 8ರಿಂದ 11ನೇ ವಾರದ ನಡುವೆ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ, ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆಗುವುದೂ ಸಹಜ. ತುಸು ರಕ್ತದ ಕಲೆ ಕಂಡರೂ ಎಲ್ಲ ಮುಗಿಯಿತೆಂದಲ್ಲ. ಗರ್ಭಿಣಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೊದಲ ಮೂರು ತಿಂಗಳಲ್ಲಿ ಯಾವಾಗಲಾದರೊಮ್ಮೆ ಸ್ರಾವ ಕಾಣುತ್ತದೆ, ಅವರಲ್ಲಿ ಹೆಚ್ಚಿನವರ ಗರ್ಭ ಉಳಿಯುತ್ತದೆ. ಕಲೆ ಕಂಡರೆ ಅಂದೇ ಫೋನ್ ಮಾಡಿ ವೈದ್ಯರಿಗೆ ತಿಳಿಸಿ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವ, ತಡೆಯಲಾಗದ ಹೊಟ್ಟೆನೋವು, ಜ್ವರ, ತಲೆ ತಿರುಗಿ ಬೀಳುವಂತಾಗುವುದು ಇವುಗಳಲ್ಲಿ ಯಾವುದಿದ್ದರೂ ಕಾಯದೆ 108ಕ್ಕೆ ಕರೆ ಮಾಡಿ.

ತಾಯಿಯವರು ಹಾಸಿಗೆ ಬಿಟ್ಟು ಏಳಬೇಡ ಎನ್ನುವುದು ಪ್ರೀತಿಯಿಂದ. ಆದರೆ ಪೂರ್ಣ ವಿಶ್ರಾಂತಿಯಿಂದ ಗರ್ಭಪಾತ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ದಿನವಿಡೀ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಸ್ನಾಯು ಸೊರಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಸೂರು ನೋಡುತ್ತ ಮಲಗಿದ ಮನಸ್ಸಿಗೆ ಭಯದ ಹೊರತು ಬೇರೆ ಕೆಲಸವೇ ಇರುವುದಿಲ್ಲ. ಪಾಠ ಮಾಡಿ, ನಡೆದಾಡಿ, ಅಡುಗೆ ಮಾಡಿ. ತರಗತಿಯಲ್ಲಿ ನಡುನಡುವೆ ಕುಳಿತುಕೊಳ್ಳಲು ಕುರ್ಚಿಯೊಂದಿರಲಿ. ಮಾಗಿದ ಪರಂಗಿ ಹಣ್ಣಿನಿಂದ ಗರ್ಭ ಇಳಿಯುವುದಿಲ್ಲ, ಹಾಲು ಸೋರುವ ಕಾಯಿ ಪರಂಗಿಯನ್ನು ಮಾತ್ರ ಬಿಡಿ. ಊಟದ ಜೊತೆ ನಾಲ್ಕು ಹೋಳು ಅನಾನಸ್ ತಿಂದರೆ ಏನೂ ಆಗುವುದಿಲ್ಲ. ಕೈ ಮೇಲೆತ್ತಿ ಬಟ್ಟೆ ಹರವಿದರೆ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂಬುದಕ್ಕೂ ಹುರುಳಿಲ್ಲ.

ಅತ್ತೆಯವರ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಹೊರರೋಗಿ ವಿಭಾಗಕ್ಕೆ ಬಂದ ಒಬ್ಬಾಕೆ ಆರು ತಿಂಗಳ ಬಸುರಿ; ಅದಕ್ಕೂ ಮೊದಲು ಮೂರು ಕಳೆದುಕೊಂಡಿದ್ದವರು. ತಾಯಿ ಕಾರ್ಡ್ ಕೇಳಿದಾಗ ಚೀಲದಿಂದ ತೆಗೆದುಕೊಟ್ಟರು, ಹೊದಿಕೆಗೆಲ್ಲ ಅಕ್ಕಿಯ ಹುಡಿ ಮೆತ್ತಿತ್ತು. ಯಾರ ಕಣ್ಣಿಗೂ ಬೀಳದಿರಲೆಂದು ಆಕೆ ಅದನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದರಂತೆ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ “ಏನೂ ಇಲ್ಲ” ಎಂದು ಕಳಿಸಿದ್ದರಂತೆ. ಕಾರ್ಡಿನ ಒಳಪುಟಗಳಲ್ಲಿ ಮೊದಲ ಭೇಟಿಯ ನಂತರ ಒಂದೂ ದಾಖಲೆ ಇರಲಿಲ್ಲ, ಅಂದು ನೋಡಿದಾಗ ರಕ್ತದೊತ್ತಡ ಏರಿತ್ತು. ನಾನು ಬೈಯಲಿಲ್ಲ. ಡಬ್ಬದ ತಳದಲ್ಲಿ ಆಕೆ ಬಚ್ಚಿಟ್ಟದ್ದು ಕಾರ್ಡನ್ನಲ್ಲ, ಮಗುವನ್ನೇ ಎಂದು ಅರ್ಥವಾಗಿತ್ತು. ದೃಷ್ಟಿಯ ನಂಬಿಕೆಯನ್ನು ನಾನು ಕಿತ್ತುಹಾಕಲು ಹೋಗುವುದಿಲ್ಲ: ಬೀದಿಗೆ, ಬಂಧುಗಳಿಗೆ, ಸ್ಟಾಫ್ ರೂಮಿಗೆ ನಿಮಗೆ ಬೇಕಾದಾಗ ಹೇಳಿ, ಐದು ತಿಂಗಳ ಮೇಲೆಯೇ ಹೇಳಿ. ಆಸ್ಪತ್ರೆ ಬೀದಿಯಲ್ಲ. 12 ವಾರದೊಳಗೆ ನೋಂದಣಿಯಾದರೆ ರಕ್ತ, ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ನೋಡಬಹುದು. ಜೊತೆಗೆ ನಿಮ್ಮ ಪಾಲಿಗೆ ಇನ್ನೊಂದು ಲಾಭವಿದೆ: ಯಾರಿಗೂ ಹೇಳದ ಗರ್ಭಕ್ಕೆ ಏನಾದರೂ ಆದರೆ ಯಾರ ಮುಂದೆಯೂ ಅಳುವಂತಿಲ್ಲ. ಕಳೆದ ಎರಡು ಸಲ ನೀವು ಒಬ್ಬರೇ ಅತ್ತಿರಬೇಕು ಎಂಬುದು ನನ್ನ ಊಹೆ. ಈ ಸಲ ಕನಿಷ್ಠ ಇಬ್ಬರಿಗೆ ಹೇಳಿ.

ಹೊಲಿಗೆ ಮತ್ತು ಇಂಜೆಕ್ಷನ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಭಯದಲ್ಲಿರುವವರಿಗೆ ಬೇಡದ ಚಿಕಿತ್ಸೆ ನಮ್ಮಲ್ಲಿ ಬಹಳ ಸುಲಭವಾಗಿ ಸಿಗುತ್ತದೆ. ಗರ್ಭಕೋಶದ ಬಾಯಿಗೆ ಹಾಕುವ ಹೊಲಿಗೆ ಇರುವುದು ನಾಲ್ಕು, ಐದು, ಆರನೇ ತಿಂಗಳಲ್ಲಿ ನೋವಿಲ್ಲದೆ ಬಾಯಿ ತೆರೆದುಕೊಂಡು ಮಗು ಹೋದವರಿಗೆ, ಅಥವಾ ಅಂಥ ಹಿನ್ನೆಲೆಯಿದ್ದು ಸ್ಕ್ಯಾನಿನಲ್ಲಿ ಬಾಯಿಯ ಉದ್ದ 25 ಮಿಲಿಮೀಟರಿಗಿಂತ ಕಡಿಮೆಯಾದವರಿಗೆ. 9ನೇ ಮತ್ತು 11ನೇ ವಾರದಲ್ಲಿ ಬೆಳವಣಿಗೆ ನಿಂತ ಗರ್ಭಕ್ಕೂ ಅದಕ್ಕೂ ಸಂಬಂಧವಿಲ್ಲ. ಸೋಂಕು, ನೀರು ಒಡೆಯುವ ಅಪಾಯವನ್ನು ಸುಮ್ಮನೆ ಏಕೆ ಎಳೆದುಕೊಳ್ಳಬೇಕು? ಗರ್ಭ ನಿಲ್ಲಲೆಂದು ಕೊಡುವ ಇಂಜೆಕ್ಷನ್ನಿನಲ್ಲಿರುವ ಪ್ರೊಜೆಸ್ಟರಾನ್ ಹಾರ್ಮೋನಿನ ವಿಷಯ ಸ್ವಲ್ಪ ಬೇರೆ. ಕಾರಣ ತಿಳಿಯದ ಪುನರಾವರ್ತಿತ ಗರ್ಭಪಾತವಾದವರೆಲ್ಲರಿಗೂ ಅದನ್ನು ಕೊಟ್ಟು ನೋಡಿದ 2015ರ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಆದರೆ 2019ರ ಇನ್ನೊಂದು ಪ್ರಯೋಗದಲ್ಲಿ, ಹಿಂದೆ ಗರ್ಭಪಾತವಾಗಿದ್ದು ಈ ಸಲ ಆರಂಭದಲ್ಲೇ ಸ್ರಾವ ಕಂಡವರಿಗೆ ಅದರಿಂದ ಅನುಕೂಲವಾಯಿತು, ಆ ಆಧಾರದ ಮೇಲೆ 2021ರಲ್ಲಿ ಬ್ರಿಟನ್ನಿನ ಮಾರ್ಗಸೂಚಿಯೂ ಬದಲಾಯಿತು. ಆ ಮಾರ್ಗಸೂಚಿ ಹೇಳುವುದು ಯೋನಿಯಲ್ಲಿ ಇಡುವ ಮಾತ್ರೆಯನ್ನು, ವಾರಕ್ಕೊಂದು ಚುಚ್ಚುವ ಇಂಜೆಕ್ಷನ್ನನ್ನಲ್ಲ. ಅಂದರೆ ನಿಮಗೆ ಈಗ ಬೇಕಿಲ್ಲ. ಸ್ರಾವ ಕಂಡರೆ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ನಿಜವಾಗಿ ಕೇಳಬೇಕಾದದ್ದು ಬೇರೊಂದಿದೆ. ಎರಡನೆಯ ಗರ್ಭದ ಸ್ಕ್ಯಾನ್ ವರದಿಯನ್ನು ತೆಗೆದು, ಅಂದು ಮಗುವಿನ ಅಳತೆ ಎಷ್ಟು ವಾರದ್ದಿತ್ತು ನೋಡಿ. ಲೆಕ್ಕಕ್ಕೆ 11 ವಾರವಾಗಿದ್ದರೂ ಅಳತೆ 8 ವಾರದ್ದಿರಬಹುದು. ಅದು 10 ವಾರ ದಾಟಿದ್ದರೆ ರಕ್ತ ಹೆಪ್ಪುಗಟ್ಟುವ ಆ್ಯಂಟಿಫಾಸ್ಫೋಲಿಪಿಡ್ ತೊಂದರೆ ಇದೆಯೇ ಎಂದು ಲೂಪಸ್ ಆ್ಯಂಟಿಕೋಆಗ್ಯುಲೆಂಟ್, ಆ್ಯಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್ ಪರೀಕ್ಷೆಗಳನ್ನು ಮಾಡಿಸುವ ಬಗ್ಗೆ ತಡಮಾಡದೆ ಮಾತನಾಡಿ. 10 ವಾರದೊಳಗಿನ ಅಳತೆಯಿದ್ದರೂ ಎರಡು ಗರ್ಭಪಾತಗಳ ಬಳಿಕ ಈ ಪರೀಕ್ಷೆ ಮಾಡಿಸುವ ವೈದ್ಯರೇ ಹೆಚ್ಚು. ಫಲಿತಾಂಶ ಪಾಸಿಟಿವ್ ಬಂದರೆ 12 ವಾರಗಳ ಬಳಿಕ ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕು, ಆದರೆ ಗರ್ಭಿಣಿಯಾಗಿರುವಾಗ ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ. ಈ ತೊಂದರೆ ಇರುವವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ನಿಜಕ್ಕೂ ಮಗುವನ್ನು ಉಳಿಸುತ್ತವೆ. ಇಲ್ಲದವರಿಗೆ ಹೊಟ್ಟೆಯ ತುಂಬ ಸೂಜಿಯ ನೀಲಿ ಗುರುತುಗಳನ್ನು ಬಿಟ್ಟು ಬೇರೇನೂ ಕೊಡುವುದಿಲ್ಲ. ಥೈರಾಯ್ಡ್‌ನ ಟಿಎಸ್‌ಎಚ್ ಮತ್ತು ಸಕ್ಕರೆ ಹೇಗೂ ನೋಡುತ್ತಾರೆ. ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ಎಂಬ ದುಬಾರಿ ರಕ್ತಪರೀಕ್ಷೆಯನ್ನು ಮಾತ್ರ ಯಾರಾದರೂ ಬರೆದುಕೊಟ್ಟರೆ, ಮತ್ತೆ ಮತ್ತೆ ಆಗುವ ಗರ್ಭಪಾತಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ ಎಂದು ತಿಳಿದಿರಲಿ. ಅದರ ವರದಿ ಹಿಡಿದು ಕಂಗಾಲಾಗಿ ಬಂದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಮಾತ್ರೆಯ ಪ್ರಶ್ನೆಗೆ ಬರೋಣ. ಎರಡು ಗೆರೆ ಕಂಡ ದಿನವೇ ಎಸಿಟಲೋಪ್ರಾಮ್ ನಿಲ್ಲಿಸಿದ್ದನ್ನು ತಪ್ಪೆನ್ನಲಾರೆ, ನಿಮ್ಮ ಜಾಗದಲ್ಲಿ ಹೆಚ್ಚಿನವರು ಅದನ್ನೇ ಮಾಡುತ್ತಾರೆ. ಆದರೆ ಈ ಬಗೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ವಾರ ತಲೆಸುತ್ತು, ಸಿಡುಕು, ನಿದ್ದೆಗೇಡು ಬರುತ್ತದೆ, ಕೆಲವು ವಾರಗಳಲ್ಲಿ ಹಳೆಯ ಆತಂಕ ಮರಳುತ್ತದೆ. ನೀವು ಈಗ ಅನುಭವಿಸುತ್ತಿರುವುದರಲ್ಲಿ ಇದರ ಪಾಲೂ ಇರಬಹುದು. ಮುಂದಿರುವ ದಾರಿಗಳು ಮೂರು. ಆತಂಕ ಇದ್ದರೂ ಊಟ, ನಿದ್ದೆ, ಕೆಲಸ ಹೇಗೋ ನಡೆಯುತ್ತಿದ್ದರೆ ಮಾತ್ರೆಯಿಲ್ಲದೆ ಮಾತಿನ ಚಿಕಿತ್ಸೆಯಿಂದಲೇ ನೋಡಬಹುದು; ಇದರಲ್ಲಿ ಅಪಾಯವಿಲ್ಲ, ಆದರೆ ಫಲ ಕಾಣಲು ಆರೆಂಟು ವಾರ ಬೇಕು. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ತರಗತಿಯಲ್ಲಿ ನಿಲ್ಲಲಾಗದೆ ಇದ್ದರೆ ಮಾತ್ರೆಯನ್ನು ಮತ್ತೆ ಶುರು ಮಾಡುವುದು ಎರಡನೆಯ ದಾರಿ. ಎರಡನ್ನೂ ಜೊತೆಯಾಗಿ ಮಾಡುವುದು ಮೂರನೆಯದು, ತೀವ್ರವಾಗಿ ಬಳಲುವವರಲ್ಲಿ ನಾನು ಹೆಚ್ಚು ಒಳ್ಳೆಯ ಫಲ ಕಂಡಿರುವುದು ಇದರಿಂದಲೇ.

ಮಾತ್ರೆಯ ಅಪಾಯಗಳನ್ನು ಇದ್ದಂತೆ ಹೇಳುತ್ತೇನೆ. ಎಸಿಟಲೋಪ್ರಾಮ್, ಸರ್ಟ್ರಲೀನ್‌ನಂಥವುಗಳನ್ನು ಲಕ್ಷಾಂತರ ಗರ್ಭಿಣಿಯರು ತೆಗೆದುಕೊಂಡಿದ್ದಾರೆ, ಅವುಗಳಿಂದ ಅಂಗವೈಕಲ್ಯ ಗಮನಾರ್ಹವಾಗಿ ಹೆಚ್ಚುವುದು ಕಂಡುಬಂದಿಲ್ಲ. ಗರ್ಭಪಾತದ ಸಾಧ್ಯತೆ ತುಸು ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿವೆ. ಆದರೆ ಡೆನ್ಮಾರ್ಕಿನಲ್ಲಿ ಇಡೀ ದೇಶದ ದಾಖಲೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ ಗರ್ಭ ಧರಿಸುವ ಮೊದಲೇ ಮಾತ್ರೆ ನಿಲ್ಲಿಸಿದವರಲ್ಲೂ ಅಷ್ಟೇ ಹೆಚ್ಚಳ ಕಂಡಿತು, ಹಾಗಾಗಿ ಅದನ್ನು ಮಾತ್ರೆಯ ತಲೆಗೆ ಕಟ್ಟಲಾಗದು. ಕೊನೆಯ ತಿಂಗಳುಗಳವರೆಗೆ ತೆಗೆದುಕೊಂಡರೆ ಮೂರರಲ್ಲಿ ಒಂದು ನವಜಾತ ಶಿಶುವಿಗೆ ಕೆಲವು ದಿನ ನಡುಕ, ಕಿರಿಕಿರಿ, ಹಾಲು ಕುಡಿಯಲು ತಾಪತ್ರಯ ಆಗಬಹುದು, ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಶ್ವಾಸಕೋಶದ ರಕ್ತದೊತ್ತಡದ ಒಂದು ಗಂಭೀರ ತೊಂದರೆ ಸಾವಿರದಲ್ಲಿ ಎರಡು ಶಿಶುಗಳಿಗೆ ಆಗುವ ಕಡೆ ಮೂರಕ್ಕೆ ಆಗಬಹುದು. ಅದಕ್ಕಾಗಿಯೇ ಮಕ್ಕಳ ತಜ್ಞರಿರುವ ಆಸ್ಪತ್ರೆಯಲ್ಲಿ ಹೆರಿಗೆಯಾಗುವುದು ಒಳ್ಳೆಯದು. ಹಳೆಯ ಸ್ಟ್ರಿಪ್‌ನಿಂದ ನೀವಾಗಿಯೇ ಶುರು ಮಾಡಬೇಡಿ. ಅದೇ ಮನೋವೈದ್ಯರನ್ನು ಈ ವಾರವೇ ಕಂಡು, ಪ್ರಸೂತಿ ವೈದ್ಯರಿಗೂ ತಿಳಿಸಿ ನಿರ್ಧರಿಸಿ. ನಿದ್ದೆಗೆಂದು ಅಲ್‌ಪ್ರಾಜೋಲಮ್‌ನಂಥ ಮಾತ್ರೆಯನ್ನು ಔಷಧಿ ಅಂಗಡಿಯಿಂದ ನೇರವಾಗಿ ತರಿಸಬೇಡಿ. ಆಯುರ್ವೇದವೆಂದ ಮಾತ್ರಕ್ಕೆ ನಿರಪಾಯವೆಂದುಕೊಂಡು ಅಶ್ವಗಂಧ ತೆಗೆದುಕೊಳ್ಳುವವರಿದ್ದಾರೆ, ಬಸಿರಿನಲ್ಲಿ ಅದು ಬೇಡ.

ಸಹಾಯ ಎಲ್ಲಿ ಸಿಗುತ್ತದೆ ಎಂಬುದನ್ನು ತಾಲ್ಲೂಕಿನಲ್ಲಿರುವವರಿಗೆ ಹೇಳಲೇಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಜ್ಞರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ, ನಿಮ್ಮ ತಾಲ್ಲೂಕಿನ ಸರದಿ ಯಾವಾಗ ಎಂದು ಆಶಾ ಅವರನ್ನೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ–ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬದುಕೇ ಬೇಡವೆನ್ನಿಸಿದರೆ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಸುಳಿದರೆ, ಅದನ್ನು ಬಸಿರಿನ ಸುಸ್ತೆಂದು ತಳ್ಳಿಹಾಕದೆ ಅದೇ ಗಳಿಗೆಯಲ್ಲಿ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಬನ್ನಿ.

ಮನೆಯಲ್ಲೇ ಮಾಡಬಹುದಾದದ್ದರಲ್ಲಿ ನನ್ನ ರೋಗಿಗಳಿಗೆ ಹೆಚ್ಚು ನೆರವಾದದ್ದು ಭಯಕ್ಕೊಂದು ಹೊತ್ತು ಗೊತ್ತು ಮಾಡಿಕೊಡುವುದು. ಸಂಜೆ ಶಾಲೆಯಿಂದ ಬಂದು ಕಾಫಿ ಕುಡಿದ ಮೇಲೆ ಇಪ್ಪತ್ತು ನಿಮಿಷ ಕುಳಿತು, ಹೆದರಿಕೆಯನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮುಲಾಜಿಲ್ಲದೆ ಬರೆಯಿರಿ. ಬೇರೆ ಹೊತ್ತಿನಲ್ಲಿ ಬಂದರೆ “ಸಂಜೆ ನೋಡೋಣ” ಎಂದು ಅದಕ್ಕೆ ಹೇಳಿ. ರಾತ್ರಿ ಎದೆ ಹೊಡೆದುಕೊಂಡು ಎಚ್ಚರವಾದರೆ ನಾಲ್ಕು ಎಣಿಸುವವರೆಗೆ ಉಸಿರು ಎಳೆದು, ಆರು ಎಣಿಸುವವರೆಗೆ ಬಿಡಿ. ಬಿಡುವ ಉಸಿರು ಉದ್ದವಾದಾಗ ನಾಡಿ ನಿಧಾನವಾಗುತ್ತದೆ. ಮೊಬೈಲಿನಲ್ಲಿ ಲಕ್ಷಣ ಹುಡುಕುವುದನ್ನು ರಾತ್ರಿ ಎಂಟರ ಮೇಲೆ ಬಿಡಿ.

ನಿಮ್ಮ ಯಜಮಾನರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅವರು ಧೈರ್ಯವಾಗಿದ್ದಾರೆಂದು ನಿಮಗನ್ನಿಸಿರಬಹುದು, ಬಹುಮಟ್ಟಿಗೆ ಅವರು ಹೆದರಿ ಸುಮ್ಮನಿದ್ದಾರೆ. ಈ ಉತ್ತರವನ್ನು ಅವರಿಗೂ ಓದಲು ಕೊಡಿ. “ಏನೂ ಆಗುವುದಿಲ್ಲ, ಧೈರ್ಯವಾಗಿರು” ಎಂಬ ಮಾತನ್ನು ನಾನೂ ವೃತ್ತಿಯ ಆರಂಭದ ವರ್ಷಗಳಲ್ಲಿ ಧಾರಾಳವಾಗಿ ಹೇಳುತ್ತಿದ್ದೆ. ಒಮ್ಮೆ ಹಾಗೆ ಹೇಳಿ ಕಳಿಸಿದಾಕೆ ಹತ್ತು ದಿನದಲ್ಲಿ ಗರ್ಭ ಕಳೆದುಕೊಂಡು ಮರಳಿ ಬಂದು, “ನೀವು ಏನೂ ಆಗಲ್ಲ ಅಂದಿದ್ರಿ ಮೇಡಂ” ಎಂದರು. ಅಂದಿನಿಂದ ಆ ಮಾತನ್ನು ಆಡಿಲ್ಲ. ಅದರ ಬದಲು “ಇವತ್ತಿಗೆ ಎಲ್ಲ ಸರಿಯಿದೆ, ನಾಳೆ ಏನಾದರೂ ನಾನು ಇರುತ್ತೇನೆ” ಎನ್ನುತ್ತೇನೆ. ನಿಮ್ಮ ಯಜಮಾನರೂ, ಅಮ್ಮನೂ, ಅತ್ತೆಯವರೂ ಇದನ್ನೇ ಹೇಳಬಹುದು, ಇದರಲ್ಲಿ ಸುಳ್ಳಿಲ್ಲ.

ಮುಂದಿನದು 11ರಿಂದ 13 ವಾರ 6 ದಿನಗಳೊಳಗೆ ಮಾಡುವ, ಮಗುವಿನ ಕತ್ತಿನ ಹಿಂದಿನ ದ್ರವದ ಪದರವನ್ನು ಅಳೆಯುವ ಎನ್‌ಟಿ ಸ್ಕ್ಯಾನ್. ಕಳೆದ ಸಲ ಕೆಟ್ಟ ಸುದ್ದಿ ಬಂದ ವಾರವೇ ಇದಾದ್ದರಿಂದ ಅದರ ಹಿಂದಿನ ದಿನಗಳು ಅತಿ ಕಠಿಣವಾಗುತ್ತವೆ ಎಂದು ಈಗಲೇ ಮನೆಯವರಿಗೆ ತಿಳಿಸಿ. ನಡುವಿನ ಅವಧಿ ತಡೆಯಲಾಗದಿದ್ದರೆ ಒಂದು ಹೆಚ್ಚುವರಿ ಸ್ಕ್ಯಾನ್ ಕೇಳಲು ಸಂಕೋಚ ಬೇಡ, ಅದರಿಂದ ಮಗುವಿಗೆ ತೊಂದರೆಯಿಲ್ಲ. ದಿನ ಬಿಟ್ಟು ದಿನ ಮಾತ್ರ ಬೇಡ, ಅದು ಬಚ್ಚಲಿಗೆ ಹೋಗಿ ನೋಡಿದ ಹಾಗೆಯೇ ಆಗುತ್ತದೆ. ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ, ತುಂಬು ಹೊಟ್ಟೆಯ ಬಸುರಿಯರ ನಡುವೆ ಎರಡು ಗಂಟೆ ಕಾಯುವುದು ತಪ್ಪುತ್ತದೆ. ಯಜಮಾನರನ್ನು ಒಳಗೆ ಬಿಡುವಂತೆ ಮೊದಲೇ ವಿನಂತಿಸಿ. ಮೇಜಿನ ಮೇಲೆ ಮಲಗುವ ಮೊದಲು ಸ್ಕ್ಯಾನ್ ಮಾಡುವವರಿಗೆ ಹೇಳಿ: “ನನಗೆ ಎರಡು ಹೋಗಿವೆ. ಮೊದಲು ಬಡಿತ ಇದೆಯೋ ಇಲ್ಲವೋ ಹೇಳಿಬಿಡಿ, ಅಳತೆಯೆಲ್ಲ ಆಮೇಲೆ ತೆಗೆಯಿರಿ.” ಹೀಗೆ ಕೇಳಿದವರಿಗೆ ಇಲ್ಲವೆಂದ ಸೋನಾಲಜಿಸ್ಟರನ್ನು ನಾನು ನೋಡಿಲ್ಲ. ಹಳೆಯ ವರದಿಗಳ ಫೈಲನ್ನು ಒಯ್ಯಲೇಬೇಕು, ಆದರೆ ಅಂದು ಅದನ್ನು ನೀವು ಹಿಡಿದುಕೊಳ್ಳಬೇಡಿ, ಯಜಮಾನರ ಕೈಗೆ ಕೊಡಿ.